ಊರು ಬಿಟ್ಟು ಬಂದ ಅಜ್ಜಿಯ ಮಾತು ಬರೆದಿಟ್ಟುಕೊಳ್ಳುವುದು ಹೇಗೆ?

ನನ್ನ ಹತ್ತಿರ ಇನ್ನೂರು ಪುಟದ ನಾಲ್ಕು ನೋಟ್‌ಬುಕ್ ಇವೆ. ನಾಲ್ಕರ ತುಂಬ ಒಬ್ಬ ಯಹೂದಿ ಅಜ್ಜಿಯ ಬದುಕು ಇದೆ. ಅವರು ಅಲಿಬಾಗ್ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಮುಂಬೈಗೆ ಬಂದು, 1963ರಲ್ಲಿ ಗಂಡ ಮತ್ತು ಇಬ್ಬರು ಮಕ್ಕಳ ಜೊತೆ ಇಸ್ರೇಲಿಗೆ ಹೋಗಿ ನೆಲೆಸಿದವರು. 2011ರಿಂದ 2016ರವರೆಗೆ ನಾನು ಡಿಮೋನಾ ಎಂಬ ಊರಿನಲ್ಲಿ ಅವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ.

ನಮ್ಮ ಸ್ವಂತ ಅಜ್ಜಿಯ ಬಗ್ಗೆ ನನ್ನ ಹತ್ತಿರ ಇರುವುದು ಒಂದೂವರೆ ಪುಟ. ಅಜ್ಜಿ ಅಂದರೆ ಅಮ್ಮನ ಅಮ್ಮ, ಹಾಸನದ ಹತ್ತಿರದ ಶೆಟ್ಟಿಹಳ್ಳಿಯವರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟುವಾಗ ಊರು ಮುಳುಗಡೆಗೆ ಸಿಕ್ಕಿ, ಗಂಟುಮೂಟೆ ಕಟ್ಟಿಕೊಂಡು ಎದ್ದು ಬಂದವರು. 2015ರಲ್ಲಿ ತೀರಿಕೊಂಡರು. ಆಗ ನಾನು ಡಿಮೋನಾದಲ್ಲಿದ್ದೆ. ಬರಲು ಆಗಲಿಲ್ಲ. ಐದು ವರ್ಷ ಬೇರೆಯವರ ಅಜ್ಜಿಯ ಮಾತನ್ನು ಪುಟಗಟ್ಟಲೆ ಬರೆದುಕೊಂಡೆ. ನಮ್ಮಜ್ಜಿಗೆ ಫೋನ್ ಮಾಡಿದಾಗ ಮಾತ್ರ "ಊಟ ಆಯ್ತಾ, ಮಾತ್ರೆ ತಗೊಂಡ್ಯಾ" ಅಂತ ಕೇಳಿ ಇಟ್ಟುಬಿಡುತ್ತಿದ್ದೆ. ಆ ನೋವು ಇನ್ನೂ ಹೋಗಿಲ್ಲ.

ಅದಕ್ಕೇ ಊರಿಗೆ ಬಂದ ಮೇಲೆ ಹಾಸನದಲ್ಲಿ, ಸಕಲೇಶಪುರದ ಕಡೆ, ಮೂಡಿಗೆರೆಯಲ್ಲಿ ಗೊತ್ತಿದ್ದವರ ಮನೆಯ ಅಜ್ಜಿಯರ ಹತ್ತಿರ ಕೂತು ಬರೆದುಕೊಳ್ಳಲು ಶುರು ಮಾಡಿದೆ. ಇಲ್ಲಿವರೆಗೆ ಹನ್ನೊಂದು ಮನೆ ಆಗಿದೆ. ಈ ಕೆಲಸಕ್ಕೆ ಓದು ಬೇಕಿಲ್ಲ, ದುಡ್ಡೂ ಬೇಕಿಲ್ಲ. ಆದರೆ ಮಾಡುವ ರೀತಿ ಅಂತ ಒಂದಿದೆ. ನನಗೆ ಅದನ್ನು ಕಲಿಸಿದ್ದು ಡಿಮೋನಾದ ಆ ಅಜ್ಜಿ. ನಿಮ್ಮ ಮನೆಯಲ್ಲೂ ಬೇರೆ ಊರಿನಿಂದ ಬಂದ ಅಜ್ಜಿ ಇದ್ದರೆ, ಘಟ್ಟ ಹತ್ತಿ ಬಂದಿರಲಿ, ಮುಳುಗಡೆಯಿಂದ ಎದ್ದು ಬಂದಿರಲಿ, ಈ ವಾರವೇ ಶುರು ಮಾಡಿ.

"ಕಥೆ ಹೇಳಿ" ಅನ್ನಬೇಡಿ

ಡಿಮೋನಾ ನೆಗೆವ್ ಮರಳುಗಾಡಿನ ಊರು. ಅದನ್ನು ಕಟ್ಟಿದ್ದು 1955ರಲ್ಲಿ. ಬೇರೆ ಬೇರೆ ದೇಶಗಳಿಂದ ವಲಸೆ ಬಂದವರನ್ನು ಅಲ್ಲಿಗೆ ತಂದು ನೆಲೆಗೊಳಿಸಿದರು. ನಮ್ಮ ದೇಶದಿಂದ ಹೋದ ಬೆನೆ ಇಸ್ರೇಲ್ ಯಹೂದಿಗಳು ಅಲ್ಲಿ ಎಷ್ಟಿದ್ದಾರೆ ಅಂದರೆ, ಜನ ಆ ಊರನ್ನು ಪುಟ್ಟ ಇಂಡಿಯಾ ಅಂತಲೇ ಕರೆಯುತ್ತಾರೆ.

ಅಜ್ಜಿಗೆ ಅಲ್ಲಿಯ ಹೀಬ್ರೂ ಭಾಷೆಯಲ್ಲಿ ಸಾವ್ತಾ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಮೊದಲ ಐದು ತಿಂಗಳು ಸಾವ್ತಾ ನನ್ನ ಜೊತೆ ಮಾತೇ ಆಡಲಿಲ್ಲ. ನೀರು, ಕಿಟಕಿ, ಸಾಕು. ಇಷ್ಟೇ. ಅವರ ಮಗಳು ಶುಕ್ರವಾರ ಬಂದಾಗ, "ಅಮ್ಮ ಮೊದಲಿಂದಲೂ ಹೀಗೇ, ಮಾತು ಕಡಿಮೆ" ಅಂದಳು. ನಾನೂ ನಂಬಿದೆ. ನಡುನಡುವೆ "ನಿಮ್ಮ ಹಳೆ ಕಥೆ ಹೇಳಿ ಸಾವ್ತಾ" ಅಂತ ಕೇಳುತ್ತಿದ್ದೆ. ಅವರು ಕೈ ಆಡಿಸಿ "ಏನಿದೆ ಅದರಲ್ಲಿ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಒಗ್ಗರಣೆ ಹಾಕೋಣ ಅಂತ ಅವಲಕ್ಕಿ ನೆನೆಸಿಟ್ಟಿದ್ದೆ. ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿದ್ದು. ಫೋನ್ ಬಂತು, ಮಾತಾಡುತ್ತಾ ನಿಂತುಬಿಟ್ಟೆ. ಹಿಂದಿನಿಂದ ವಾಕರ್ ಟಕ್ ಟಕ್ ಅಂತು. ಸಾವ್ತಾ ಅಡುಗೆಮನೆಗೆ ಬಂದರು. ಪಾತ್ರೆಯೊಳಗೆ ಕೈ ಹಾಕಿದರು. ಒಂದು ಹಿಡಿ ಎತ್ತಿ, ಹಿಂಡಿ, ಬೆರಳ ಸಂದಿಯಿಂದ ಹಿಟ್ಟಿನಂತೆ ಹೊರಬಂದದ್ದನ್ನು ನನಗೆ ತೋರಿಸಿದರು. "ಪೋಹೆ ಜಾಸ್ತ್ ಭಿಜ್ಲೇ" ಅಂದರು. ನನಗೆ ಮರಾಠಿ ಬರುತ್ತಿರಲಿಲ್ಲ. ಆದರೆ 'ಜಾಸ್ತ್' ಗೊತ್ತಾಗುತ್ತದಲ್ವಾ! ಅವಲಕ್ಕಿ ಜಾಸ್ತಿ ನೆನೆದಿದೆ.

ನನ್ನನ್ನು ಪಕ್ಕಕ್ಕೆ ಸರಿಸಿದರು. ಹೊಸ ಅವಲಕ್ಕಿಯನ್ನು ಜರಡಿಯಲ್ಲಿ ಹಾಕಿ, ನಲ್ಲಿ ಕೆಳಗೆ ಒಂದು ಸಲ ಹಿಡಿದು ತೆಗೆದರು. ಜರಡಿಯಲ್ಲೇ ಬಿಟ್ಟರು. ಕಾಯಿತುರಿ ಕೇಳಿದರು. ಸಕ್ಕರೆ, ಏಲಕ್ಕಿ, ದ್ರಾಕ್ಷಿ, ಬಾದಾಮಿ ಕೇಳಿದರು. ಎಲ್ಲ ಕಲಸುತ್ತಾ ಹಿಂದಿಯಲ್ಲಿ ಮಾತು ಶುರುವಾಯಿತು. ಇದು ಮಾಲಿದಾ. ಮನೆಯಲ್ಲಿ ಹರಕೆ ತೀರಿದಾಗ, ಮದುವೆಗೆ ಮುಂಚೆ, ಎಲೀಯ ಪ್ರವಾದಿಯ ಹೆಸರು ಹೇಳಿ ಮಾಡುತ್ತಾರೆ. ತಟ್ಟೆಯಲ್ಲಿ ಮಾಲಿದಾ, ಅದರ ಮೇಲೆ ಹಣ್ಣುಗಳು. ಅಲಿಬಾಗ್ ಹತ್ತಿರ ಖಂಡಾಲಾ ಎಂಬ ಹಳ್ಳಿಯ ಬಂಡೆಯ ಮೇಲೆ ಎಲೀಯನ ರಥದ ಗುರುತಿದೆ ಎಂದು ಅವರ ಜನರ ನಂಬಿಕೆ. ಚಿಕ್ಕವರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅಲ್ಲಿಗೆ ಹೋಗಿದ್ದರಂತೆ. ಅಪ್ಪನ ತಲೆಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಇತ್ತಂತೆ. ಅವತ್ತು ಒಂದು ಗಂಟೆ ಮಾತಾಡಿದರು. ಐದು ತಿಂಗಳಿಗೆ ಆಗುವಷ್ಟು.

ನಾನು ಕಲಿತಿದ್ದು ಇದು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ನೋಟ್‌ಬುಕ್ ಹಿಡಿದು ಕೂತರೆ ಏನೂ ಬರುವುದಿಲ್ಲ. ಕೈಗೆ ಕೆಲಸ ಕೊಡಿ. ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬರುತ್ತದೆ. ಎರಡು ಕೆಜಿ ತಂದು ಸುರಿದು ಬಿಡಿಸಲು ಕೂತುಕೊಳ್ಳಿ. ಸುಮ್ನೆ "ನಿಮ್ಮೂರಲ್ಲಿ ಅವರೆ ಯಾವ ಹೊಲದಲ್ಲಿ ಹಾಕ್ತಿದ್ರಿ ಅಜ್ಜಿ?" ಅಂತ ಒಂದು ಮಾತು ಕೇಳಿ. ಹೊಲದಿಂದ ದಾರಿ, ದಾರಿಯಿಂದ ಹಳ್ಳ, ಹಳ್ಳದಿಂದ ಹಳ್ಳದಲ್ಲಿ ಹೋದ ತಮ್ಮ. ಮಾತು ತಾನಾಗಿ ಹೋಗುತ್ತದೆ.

ಅಡುಗೆ ಬರೆದುಕೊಳ್ಳುವಾಗ "ಒಂದು ಹಿಡಿ", "ಸ್ವಲ್ಪ" ಅಂತ ಬರೆದು ಸುಮ್ಮನಾಗಬೇಡಿ. ಅವರ ಹಿಡಿ ಅವರ ಜೊತೆಗೇ ಹೋಗಿಬಿಡುತ್ತದೆ. ಸಾವ್ತಾ ಕೈ ಹಾಕುವ ಮುಂಚೆ ನಾನು ಕೆಳಗೆ ಒಂದು ಬಟ್ಟಲು ಹಿಡಿಯುತ್ತಿದ್ದೆ. ಅದನ್ನು ತೂಕ ಮಾಡಿ ಬರೆದು, ಆಮೇಲೆ ಪಾತ್ರೆಗೆ ಹಾಕುತ್ತಿದ್ದೆ. ಮೊದಲೆರಡು ಸಲ ರೇಗಿದರು. ಆಮೇಲೆ ಅವರೇ "ಬಟ್ಟಲು ಎಲ್ಲಿ" ಅಂತ ಕೇಳುತ್ತಿದ್ದರು.

ಯಾವ ಭಾಷೆಯಲ್ಲಿ ಕೇಳುತ್ತೀರಿ?

ಸಾವ್ತಾ ಮಾತು ಕಡಿಮೆ ಅಂತ ಮಗಳು ಹೇಳಿದ್ದು ಸುಳ್ಳಲ್ಲ. ಮಗಳು ಕೇಳುತ್ತಿದ್ದುದು ಹೀಬ್ರೂನಲ್ಲಿ. ಸಾವ್ತಾ ಹೀಬ್ರೂ ಕಲಿತಿದ್ದು ಇಪ್ಪತ್ತೆಂಟು ದಾಟಿದ ಮೇಲೆ. ಹೊಸದಾಗಿ ಬಂದವರಿಗೆ ಅಲ್ಲಿ ಉಲ್ಪಾನ್ ಎಂಬ ಭಾಷಾ ಶಾಲೆ ಇದೆ. ಬೆಳಿಗ್ಗೆ ಅಲ್ಲಿ ಪಾಠ, ಮಧ್ಯಾಹ್ನದಿಂದ ಬಟ್ಟೆ ಗಿರಣಿಯಲ್ಲಿ ಕೆಲಸ. ಮಕ್ಕಳು ಶಾಲೆಗೆ ಹೋಗಿ ಆರು ತಿಂಗಳಿಗೆ ಹೀಬ್ರೂ ಕಲಿತುಬಿಟ್ಟರು. ಅಮ್ಮ ತಪ್ಪು ಮಾತಾಡಿದರೆ ಎಲ್ಲರೆದುರಿಗೆ ತಿದ್ದುತ್ತಿದ್ದರು. "ತಿದ್ದಿದಾಗೆಲ್ಲ ಒಂದು ಮಾತು ಕಡಿಮೆ ಮಾಡಿದೆ" ಅಂತ ಸಾವ್ತಾ ನನಗೆ ಹೇಳಿದರು. ಮೊಮ್ಮಕ್ಕಳಿಗೆ ಮರಾಠಿ ಒಂದಕ್ಷರ ಬರುವುದಿಲ್ಲ. ಇಸ್ರೇಲಿನಲ್ಲೇ ಅಚ್ಚಾಗುವ 'ಮಾಯಬೋಲಿ' ಅನ್ನುವ ಮರಾಠಿ ಪತ್ರಿಕೆಯನ್ನು ಅವರು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ.

ಹೀಬ್ರೂನಲ್ಲಿ ಹೊಸದಾಗಿ ವಲಸೆ ಬಂದ ಹೆಂಗಸಿಗೆ 'ಓಲಾ ಹದಾಶಾ' ಅನ್ನುತ್ತಾರೆ. ಐವತ್ತು ವರ್ಷ ಆದ ಮೇಲೂ ಸಾವ್ತಾ ತನ್ನನ್ನು ಹಾಗೇ ಹೇಳಿಕೊಳ್ಳುತ್ತಿದ್ದರು. ಬ್ಯಾಂಕಿಗೆ ಹೋದಾಗ, ಆಸ್ಪತ್ರೆಗೆ ಹೋದಾಗ. ನನ್ನ ಮುರುಕು ಹಿಂದಿಯೇ ನಮ್ಮಿಬ್ಬರಿಗೆ ಬಾಗಿಲು ತೆರೆಯಿತು.

ನಮ್ಮ ಜಿಲ್ಲೆಗಳಲ್ಲೂ ಇದೇ ಇದೆ. ತೋಟದ ಲೈನ್ ಮನೆಗಳಲ್ಲಿ ತುಳು, ಕೊಂಕಣಿ, ತಮಿಳು, ಮಲಯಾಳಂ ಮಾತಾಡುವ ಅಜ್ಜಿಯರಿದ್ದಾರೆ. ಮೊಮ್ಮಕ್ಕಳು ಕನ್ನಡದಲ್ಲಿ ಕೇಳುತ್ತಾರೆ, ಅಜ್ಜಿ "ಹೂಂ", "ಇಲ್ಲ" ಅನ್ನುತ್ತಾರೆ. ಚಿಕ್ಕವರಿದ್ದಾಗ ಅವರಮ್ಮ ಯಾವ ಭಾಷೆಯಲ್ಲಿ ಬೈಯುತ್ತಿದ್ದರೋ ಆ ಭಾಷೆಯಲ್ಲಿ ಕೇಳಿಸಿ. ನಿಮಗೆ ಬರದಿದ್ದರೆ ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೂಡಿಗೆರೆಯ ಒಂದು ಮನೆಯಲ್ಲಿ ನಾನು ಹಾಗೇ ಮಾಡಿದೆ. ತುಳು ಬರುವ ಪಕ್ಕದ ಮನೆಯಾಕೆ ಬಂದು ಕೂತದ್ದೇ ತಡ, ಅಜ್ಜಿ ಚಾರ್ಮಾಡಿ ಘಾಟಿಯನ್ನು ನಡೆದುಕೊಂಡು ಹತ್ತಿದ್ದನ್ನು ಹೇಳಲು ಶುರು ಮಾಡಿದರು. ಅವರ ಮಗನಿಗೇ ಅದು ಗೊತ್ತಿರಲಿಲ್ಲ.

ಬರೆಯುವಾಗಲೂ ಅವರ ಮಾತನ್ನು ಪುಸ್ತಕದ ಭಾಷೆಗೆ ತಿರುಗಿಸಬೇಡಿ. ಅಜ್ಜಿ "ವಸಿ ತಡಿ ಮಗ" ಅಂದರೆ ಹಾಗೇ ಬರೆಯಿರಿ. "ಸ್ವಲ್ಪ ನಿಲ್ಲು" ಅಂತ ಬರೆದರೆ ಅದು ಅಜ್ಜಿ ಅಲ್ಲ.

ಫೋನು, ನೋಟ್‌ಬುಕ್ಕು, ಹೊತ್ತು

ಬೇಕಾಗುವ ಸಾಮಾನು ಕಡಿಮೆ. ಫೋನಿನಲ್ಲಿರುವ ರೆಕಾರ್ಡರ್ ಸಾಕು. ಶುರು ಮಾಡುವ ಮುಂಚೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಯಾರದೋ ಕರೆ ಬಂದು ನಿಂತುಹೋಗುತ್ತದೆ. ಫೋನನ್ನು ಬರೀ ಮೇಜಿನ ಮೇಲೆ ಇಡಬೇಡಿ. ಲೋಟ ಇಟ್ಟ ಸದ್ದೂ ಗುಡುಗಿನ ಹಾಗೆ ಕೇಳುತ್ತದೆ. ಟವೆಲ್ ಮಡಚಿ ಅದರ ಮೇಲೆ ಇಡಿ. ಫ್ಯಾನ್, ಟಿವಿ ಆರಿಸಿ. ಮೊದಲು ನಿಮ್ಮ ದನಿಯಲ್ಲೇ ತಾರೀಕು, ಊರು, ಯಾರ ಮನೆ, ಯಾರು ಯಾರು ಕೂತಿದ್ದೀರಿ ಅಂತ ಹೇಳಿ. ಹತ್ತು ವರ್ಷ ಬಿಟ್ಟು ಕೇಳುವವರಿಗೆ ಅದೇ ದಾರಿ ತೋರಿಸುತ್ತದೆ.

ಮನೆಗೆ ಬಂದ ತಕ್ಷಣ ಇನ್ನೆರಡು ಕಡೆ ಕಾಪಿ ಮಾಡಿ. ಒಂದು ಪೆನ್‌ಡ್ರೈವ್‌ಗೆ, ಒಂದು ಮನೆಯ ಬೇರೊಬ್ಬರ ಫೋನಿಗೆ. ಸಾವ್ತಾ ಮುಂಬೈಯ ಮೊದಲ ಮನೆಯ ಬಗ್ಗೆ ಹೇಳಿದ ಎರಡು ಗಂಟೆಯ ಮಾತು ನನ್ನ ಫೋನ್ ಕೆಟ್ಟಾಗ ಹೋಯಿತು. ಮತ್ತೆ ಕೇಳಿದೆ, ಮತ್ತೆ ಹೇಳಿದರು. ಆದರೆ ಎರಡನೇ ಸಲ ಅವರು ಹಾಡು ಹೇಳಲಿಲ್ಲ.

ಹೊತ್ತು ಅಂದರೆ ನಾಲ್ಕು ಗಂಟೆಯ ಕಾಫಿ ಆದ ಮೇಲೆ. ಮಧ್ಯಾಹ್ನ ಮಲಗಿ ಎದ್ದಿರುತ್ತಾರೆ, ಮುಖ ತೊಳೆದಿರುತ್ತಾರೆ, ಮನಸ್ಸು ಹಗುರ ಇರುತ್ತದೆ. ನಲವತ್ತು ನಿಮಿಷ ಸಾಕು. ಅವರಿಗೆ ಇನ್ನೂ ಹೇಳಬೇಕು ಅನ್ನಿಸುವಾಗಲೇ ನಿಲ್ಲಿಸಿ. ನಾಳೆಗೆ ಅವರೇ ಕಾಯುತ್ತಾರೆ.

ಫೋನ್ ಇಡಬಾರದ ಹೊತ್ತೂ ಇದೆ. ಸಾವ್ತಾ ಮನೆಯಲ್ಲಿ ಶುಕ್ರವಾರ ಸೂರ್ಯ ಮುಳುಗುವ ಮುಂಚೆ ದೀಪ ಹಚ್ಚಿದರೆ ಮುಗಿಯಿತು. ಶನಿವಾರ ಸಂಜೆ ಆಕಾಶದಲ್ಲಿ ಮೂರು ನಕ್ಷತ್ರ ಕಾಣುವವರೆಗೆ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ. ಒಲೆ ಹಚ್ಚುವಂತಿಲ್ಲ, ಬರೆಯುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ನನಗೆ ಆ ಕಟ್ಟು ಇರಲಿಲ್ಲ. ಆದರೂ ಅವರೆದುರಿಗೆ ನಾನೂ ಮುಟ್ಟುತ್ತಿರಲಿಲ್ಲ. ಕೊಂಕಣದಲ್ಲಿ ದ್ರಾಕ್ಷಾರಸ ಸಿಗದ ಕಾರಣ ಅವರ ಜನ ಒಣದ್ರಾಕ್ಷಿಯನ್ನು ನೀರಲ್ಲಿ ಹಾಕಿ ಕಿವುಚಿ, ಸೋಸಿ ಶರಬತ್ತು ಮಾಡಿ ಪ್ರಾರ್ಥನೆಗೆ ಇಡುತ್ತಿದ್ದರು. ಡಿಮೋನಾದಲ್ಲಿ ಅಂಗಡಿ ತುಂಬ ದ್ರಾಕ್ಷಾರಸ ಇದ್ದರೂ ಸಾವ್ತಾ ಅದೇ ಶರಬತ್ತು ಮಾಡಿಸುತ್ತಿದ್ದರು. ಕಪ್ಪು ಒಣದ್ರಾಕ್ಷಿಯನ್ನು ಗುರುವಾರ ರಾತ್ರಿಯೇ ನೆನೆಸುವುದು ನನ್ನ ಕೆಲಸ. ಶುಕ್ರವಾರ ರಾತ್ರಿ ಅದನ್ನು ಕುಡಿದು, ದೀಪದ ಬೆಳಕಲ್ಲಿ ಅವರು ಹೇಳಿದ್ದೇ ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಪುಟಗಳು. ಕೇಳಿದ್ದನ್ನು ತಲೆಯಲ್ಲಿ ಇಟ್ಟುಕೊಂಡು ಶನಿವಾರ ರಾತ್ರಿ ಕೂತು ಬರೆಯುತ್ತಿದ್ದೆ. ಅವರ ಜನರನ್ನು ಕೊಂಕಣದಲ್ಲಿ 'ಶನಿವಾರ ತೇಲಿ' ಅನ್ನುತ್ತಿದ್ದರಂತೆ. ಎಣ್ಣೆ ತೆಗೆಯುವುದು ಕಸುಬು, ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೆ ಆ ಹೆಸರು. ಅದನ್ನು ಹೇಳಿದ್ದೂ ಒಂದು ಶುಕ್ರವಾರವೇ.

ನಿಮ್ಮ ಅಜ್ಜಿಗೂ ಅಂಥ ಹೊತ್ತು ಇರುತ್ತದೆ. ಪೂಜೆಯ ಹೊತ್ತು, ಜಪಮಾಲೆಯ ಹೊತ್ತು. ಆಗ ಬರೀ ಜೊತೆಗಿರಿ.

ಇಸವಿ ಹಿಡಿಯುವುದು

"ಯಾವ ವರ್ಷ ಬಂದ್ರಿ?" ಅಂತ ಕೇಳಿದರೆ ಅಜ್ಜಿಯರು ಗಾಬರಿಯಾಗುತ್ತಾರೆ. ಪರೀಕ್ಷೆಯ ಹಾಗೆ ಅನ್ನಿಸುತ್ತದೆ. ಅದರ ಬದಲು ಎಲ್ಲರಿಗೂ ನೆನಪಿರುವ ಒಂದು ಸಂಗತಿಗೆ ಗಂಟು ಹಾಕಿ. ನಮ್ಮ ಕಡೆಗೆ ನಾನು ಬಳಸುವ ಗಂಟುಗಳು ಇವು: ಚೀನಾ ಯುದ್ಧ (1962), ನೆಹರೂ ತೀರಿಕೊಂಡಿದ್ದು (1964), ಮೈಸೂರು ರಾಜ್ಯ ಕರ್ನಾಟಕ ಆಗಿದ್ದು (1973), ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ ಗೆದ್ದಿದ್ದು (1978), ಗೊರೂರು ಅಣೆಕಟ್ಟೆ ಮುಗಿದಿದ್ದು (1979). "ಇಂದಿರಾ ಗಾಂಧಿ ಚುನಾವಣೆಗೆ ನಿಂತಾಗ ನಿಮ್ಮ ದೊಡ್ಡ ಮಗಳು ಶಾಲೆಗೆ ಹೋಗ್ತಿದ್ಲಾ?" ಅಂತ ಕೇಳಿ. ಉತ್ತರ ಥಟ್ಟನೆ ಬರುತ್ತದೆ. ಚಿಕ್ಕಮಗಳೂರಿನ ಅಜ್ಜಿಯರಂತೂ ಇಂದಿರಾ ಗಾಂಧಿ ಬಂದ ದಿನ ಯಾವ ಸೀರೆ ಉಟ್ಟಿದ್ದೆವು ಅಂತಲೂ ಹೇಳುತ್ತಾರೆ.

ಆದರೆ ನೆನಪು ಎರಡು ದಿನವನ್ನು ಒಂದೇ ಮಾಡಿಬಿಡುತ್ತದೆ. ಸಾವ್ತಾ ಯಾವಾಗಲೂ "ನೆಹರೂ ಹೋದ ವರ್ಷ ನಾವು ಬಂದೆವು" ಅನ್ನುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ತೆಉದತ್ ಓಲೆ ಸಿಕ್ಕಿತು. ವಲಸೆ ಬಂದವರಿಗೆ ಅಲ್ಲಿನ ಸರ್ಕಾರ ಕೊಡುವ ಪುಸ್ತಕ ಅದು. ಅದರಲ್ಲಿ 1963 ಇತ್ತು. ನಾನು "ಸಾವ್ತಾ, ತಪ್ಪು ಹೇಳಿದ್ರಿ" ಅನ್ನಲಿಲ್ಲ. "ನೆಹರೂ ಸುದ್ದಿ ಕೇಳಿದಾಗ ನೀವು ಎಲ್ಲಿ ಕೂತಿದ್ರಿ?" ಅಂತ ಕೇಳಿದೆ. ಡಿಮೋನಾದ ಮನೆಯಲ್ಲಿ, ಇನ್ನೂ ಬಿಚ್ಚದ ಪೆಟ್ಟಿಗೆಯ ಮೇಲೆ. ಪಕ್ಕದ ಮನೆಯವರ ರೇಡಿಯೋ. ಆ ಓಣಿಯಲ್ಲಿದ್ದ ಇಂಡಿಯಾದ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಸೇರಿ ಅತ್ತಿದ್ದರು. ಮೊರೊಕ್ಕೊದಿಂದ ಬಂದಿದ್ದ ಎದುರುಮನೆಯಾಕೆ ಯಾಕೆ ಅಂತ ತಿಳಿಯದಿದ್ದರೂ ತಾನೂ ಬಂದು ಕೂತು ಅತ್ತಳಂತೆ. ಸಾವ್ತಾ ಬಂದು ಎಂಟು ತಿಂಗಳಾಗಿತ್ತು. ಅಲ್ಲಿಯವರೆಗೆ ಅತ್ತಿರಲಿಲ್ಲ. ಹಾಗಾಗಿ ಅವರ ಲೆಕ್ಕದಲ್ಲಿ ಊರು ಬಿಟ್ಟಿದ್ದು ಅವತ್ತೇ.

ಎರಡನ್ನೂ ಬರೆದೆ. ನಾನು ನೀಲಿ ಪೆನ್ನಲ್ಲಿ ಅಜ್ಜಿ ಹೇಳಿದ್ದು, ಹಸಿರು ಪೆನ್ನಲ್ಲಿ ಕಾಗದದಲ್ಲಿ ಸಿಕ್ಕಿದ್ದು ಬರೆಯುತ್ತೇನೆ. ಒಂದರ ಮೇಲೆ ಒಂದನ್ನು ಹೊಡೆದುಹಾಕುವುದಿಲ್ಲ. ನಾನು ಹಾಸನದವಳು, ಅದು ಮೈಸೂರು ಸೀಮೆ ಅಂತ ಗೊತ್ತಾದಾಗ ಸಾವ್ತಾ ಖುಷಿಯಾಗಿ ಒಂದು ಕಥೆ ಹೇಳಿದ್ದರು. ಮುಂಬೈಯ ಅವರ ಜನರ ಮೊದಲ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಕಟ್ಟಿಸಿದ ಸಾಮ್ಯುಯೆಲ್ ದಿವೇಕರ್ ಎಂಬ ಸೈನಿಕ ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದನಂತೆ. ಇವರು ಬನಿ ಇಸ್ರಾಯಿಲ್ ಜನ, ಕುರಾನಿನಲ್ಲಿ ಇವರ ಹೆಸರಿದೆ, ಬಿಟ್ಟುಬಿಡು ಅಂತ ಟಿಪ್ಪುವಿನ ತಾಯಿ ಹೇಳಿದಳಂತೆ. ಸಿನಗಾಗ್ ಕಟ್ಟಿದ್ದು 1796ರಲ್ಲಿ, ಅದು ಹಸಿರು ಪೆನ್ನು. ತಾಯಿಯ ಮಾತು ನೀಲಿ ಪೆನ್ನು. "ನಿಮ್ಮ ಊರಿನ ಹೆಂಗಸು ಒಬ್ಬಳು ನಮ್ಮವರನ್ನು ಉಳಿಸಿದಳು" ಅಂತ ನನ್ನ ಕೈ ಹಿಡಿದು ಹೇಳಿದ್ದನ್ನು ಎರಡು ಗೆರೆ ಎಳೆದು ಬರೆದಿಟ್ಟಿದ್ದೇನೆ.

ನಮ್ಮಲ್ಲಿ ಹಸಿರು ಪೆನ್ನಿಗೆ ಬೇಕಾದ್ದು ಹಳೆ ರೇಷನ್ ಕಾರ್ಡು, ಶಾಲೆಯ ಟಿಸಿ, ಮದುವೆ ಕಾಗದ, ಪಹಣಿ, ಮುಳುಗಡೆ ಪರಿಹಾರದ ಪತ್ರ, ಚರ್ಚಿನ ಜ್ಞಾನಸ್ನಾನದ ದಾಖಲೆ. ಎಲ್ಲದರ ಫೋಟೋ ತೆಗೆದುಕೊಳ್ಳಿ, ಹಿಂಬದಿಯದ್ದೂ ಸೇರಿಸಿ. ಲೆಕ್ಕ, ಹಾಲಿನ ಬಾಕಿ, ಯಾರದೋ ವಿಳಾಸ, ಏನಾದರೂ ಅಲ್ಲಿ ಬರೆದಿರುತ್ತಾರೆ.

ಮೊರದ ಮೇಲೆ ಊರು

ಇದು ನಾನು ಊರಿಗೆ ಬಂದ ಮೇಲೆ ಕಂಡುಕೊಂಡಿದ್ದು. ನಮ್ಮ ಬೀದಿಯಲ್ಲಿ ಇನ್ನೊಬ್ಬರು ಮುಳುಗಡೆಯ ಅಜ್ಜಿ ಇದ್ದಾರೆ. ಕಣ್ಣು ಮಂಜು. ಪೆನ್ನು, ಪೇಪರ್ ಕೊಟ್ಟು ಊರಿನ ನಕ್ಷೆ ಬರೆಯಿರಿ ಅಂದರೆ ಆಗುತ್ತದಾ? ಒಂದು ದಿನ ಅವರು ಮೊರದಲ್ಲಿ ಕಾಫಿ ಬೀಜ ಆರಿಸುತ್ತಿದ್ದರು. "ಅಜ್ಜಿ, ಇದೇ ಊರು ಅನ್ಕೊಳ್ಳಿ, ನಿಮ್ಮ ಮನೆ ಎಲ್ಲಿ?" ಅಂದೆ. ಅಜ್ಜಿ ಬೀಜವನ್ನೆಲ್ಲ ಒಂದು ಕಡೆ ಸರಿಸಿದರು. ಒಂದು ಬೀಜ ಇಟ್ಟರು. "ಇದು ನಮ್ಮನೆ." ಪಕ್ಕದಲ್ಲಿ ಎರಡು. "ಇದು ದೊಡ್ಡಪ್ಪಂದು, ಇದು ಗೌಡ್ರದು." ಬೆರಳಲ್ಲಿ ಒಂದು ಗೆರೆ ಎಳೆದರು, ಹೊಳೆ. ಉದ್ದನೆಯ ಕಡ್ಡಿ ಇಟ್ಟರು, ಸಂತೆಗೆ ಹೋಗುವ ದಾರಿ. ಒಡೆದ ಬೀಜಗಳನ್ನೆಲ್ಲ ಆರಿಸಿ ಒಂದು ಮೂಲೆಗೆ ಗುಡ್ಡೆ ಹಾಕಿದರು. "ಇಲ್ಲಿ ಮಕ್ಕಳನ್ನ ಹೂಳ್ತಿದ್ರು ಕಣವ್ವ. ನನ್ನವು ಎರಡು ಅಲ್ಲೇ ಇವೆ."

ಅವರ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಮೂವತ್ತು ವರ್ಷ ಒಂದೇ ಮನೆಯಲ್ಲಿ ಇದ್ದರೂ ಅವಳಿಗೆ ಇದು ಗೊತ್ತಿರಲಿಲ್ಲ. ಮೊರದ ಫೋಟೋ ತೆಗೆದುಕೊಂಡೆ. ಈಗ ಯಾರ ಮನೆಗೆ ಹೋದರೂ ಮೊದಲು ಮೊರ ಕೇಳುತ್ತೇನೆ.

ವಸ್ತುಗಳನ್ನೂ ಹೀಗೇ ಕೇಳಬೇಕು. ಬರುವಾಗ ಏನು ತಂದಿರಿ, ಏನು ಬಿಟ್ಟಿರಿ. ಸಾವ್ತಾ ತಂದಿದ್ದರಲ್ಲಿ ಒಂದು ಈಳಿಗೆ ಮಣೆ ಇತ್ತು, ತುದಿಯಲ್ಲಿ ಕಾಯಿ ತುರಿಯುವ ಹಲ್ಲಿರುವುದು. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿದವರಿಗೆ ಅದು ಏನು ಅಂತ ತಿಳಿಯಲಿಲ್ಲ. ಇವರಿಗೆ ಅವರ ಭಾಷೆ ಬರದು. ಸೀರೆ ಉಟ್ಟುಕೊಂಡೇ ನೆಲದ ಮೇಲೆ ಕೂತು, ಮಣೆಯ ಮೇಲೆ ಕಾಲಿಟ್ಟು, ಬರೀ ಕೈಯಲ್ಲಿ ಕಾಯಿ ತುರಿದು ತೋರಿಸಿದರಂತೆ. ಯಹೂದಿಗಳಲ್ಲಿ ಮಾಂಸದ ಜೊತೆ ಹಾಲು, ಮೊಸರು ಸೇರಿಸುವುದಿಲ್ಲ, ಪಾತ್ರೆಗಳೂ ಬೇರೆ ಬೇರೆ. ಕಾಯಿಹಾಲಿಗೆ ಆ ಕಟ್ಟು ಇಲ್ಲ. ಹಾಗಾಗಿ ಸಾವ್ತಾ ಅಡುಗೆಯಲ್ಲಿ ಆ ಮಣೆಗೆ ರಜೆಯೇ ಇರಲಿಲ್ಲ. ಅದನ್ನು ಮುಟ್ಟಿಕೊಂಡು ಅವರು ಹೇಳಿದ್ದನ್ನು ಬರೆದರೆ ಮೂವತ್ತು ಪುಟ ಆಯಿತು.

ಕೇಳಬಾರದ್ದು, ಬರೆಯಬಾರದ್ದು

ಎಲ್ಲ ಗಾಯವನ್ನೂ ಕೆದಕಬೇಕಿಲ್ಲ. 1960ರ ದಶಕದ ಶುರುವಿನಲ್ಲಿ ಇಸ್ರೇಲಿನಲ್ಲಿ ಬೆನೆ ಇಸ್ರೇಲರಿಗೆ ಒಂದು ದೊಡ್ಡ ಅವಮಾನ ಆಯಿತು. ಇವರು ಪೂರ್ತಿ ಯಹೂದಿಗಳು ಹೌದೋ ಅಲ್ಲವೋ ಎಂಬ ಅನುಮಾನ ಎತ್ತಿ, ಬೇರೆ ಯಹೂದಿಗಳ ಜೊತೆ ಮದುವೆ ಮಾಡಿಸುವ ಮುಂಚೆ ತಲೆಮಾರುಗಳ ವಿಚಾರಣೆ ಮಾಡಲು ಧರ್ಮಗುರುಗಳ ಕಡೆಯಿಂದ ಆದೇಶ ಬಂತು. ಜನ ಮುಷ್ಕರ ಕೂತರು. 1964ರಲ್ಲಿ ಅಲ್ಲಿನ ಸಂಸತ್ತು, ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಅಂತ ಹೇಳಿದ ಮೇಲೆ ಅದು ತಣ್ಣಗಾಯಿತು. ಸಾವ್ತಾ ತಂಗಿಯ ಮದುವೆ ಆ ವರ್ಷಗಳಲ್ಲೇ ಮುರಿದಿತ್ತು. ಅದನ್ನು ಹೇಳುವಾಗ ನಡುವೆ ನಿಲ್ಲಿಸಿ, "ಅದನ್ನು ಆರಿಸು" ಅಂದರು. ಆರಿಸಿದೆ. ಆಮೇಲೆ ಹೇಳಿದ್ದನ್ನು ನಾನು ಬರೆದಿಲ್ಲ, ಇಲ್ಲೂ ಬರೆಯುವುದಿಲ್ಲ.

ಅಜ್ಜಿ ನಿಲ್ಲಿಸಿ ಅಂದರೆ ಫೋನನ್ನು ಅವರಿಗೆ ಕಾಣುವ ಹಾಗೆ ಆರಿಸಿ. ಕದ್ದು ರೆಕಾರ್ಡ್ ಮಾಡಬೇಡಿ. ಅಳು ಬಂದರೆ ಅಳಲಿ, ನೀರು ಕೊಡಿ, ಮಾತು ಬದಲಾಯಿಸುವ ಅವಸರ ಬೇಡ.

ನಮ್ಮ ಕಡೆ ಇನ್ನೊಂದು ತೊಡಕು ಇದೆ. ಹೊಲ, ತೋಟ, ಪರಿಹಾರದ ದುಡ್ಡು ಅಂತ ಬಾಯಿ ಬಿಟ್ಟರೆ ಸಾಕು, ಆಸ್ತಿ ವಿಷಯಕ್ಕೆ ಬಂದಿದ್ದಾಳೆ ಅಂತ ಮನೆಯವರು ಅನುಮಾನ ಪಡುತ್ತಾರೆ. ಒಂದು ಮನೆಯಿಂದ ನನ್ನನ್ನು ಕಳಿಸಿಯೇಬಿಟ್ಟರು. ಆಮೇಲಿಂದ ಮೊದಲು ಮಗ, ಸೊಸೆಯ ಹತ್ತಿರ ಕೂತು, ಏನು ಕೇಳುತ್ತೇನೆ, ಬರೆದಿದ್ದು ಯಾರ ಹತ್ತಿರ ಇರುತ್ತದೆ ಅಂತ ಹೇಳಿಯೇ ಒಳಗೆ ಹೋಗುತ್ತೇನೆ. ಜಮೀನಿನ ಮಾತು ಅವರಾಗಿ ಎತ್ತಿದರೆ ಸರಿ, ನಾನು ಎತ್ತುವುದಿಲ್ಲ.

ಓದಿ ಹೇಳಿ

ರೆಕಾರ್ಡ್ ಮಾಡಿ ಇಟ್ಟರೆ ಅರ್ಧ ಕೆಲಸವೂ ಆಗಿಲ್ಲ. ಕೇಳಿಕೊಂಡು ಬರೆಯಬೇಕು. ಒಂದು ಗಂಟೆಯ ಮಾತಿಗೆ ನನಗೆ ಐದು ಗಂಟೆ ಹಿಡಿಯುತ್ತದೆ. ಒಂದೇ ವಿಷಯವನ್ನು ಮೂರು ಸಲ ಹೇಳಿದ್ದರೆ ಮೂರನ್ನೂ ಬರೆಯಿರಿ, ಒಂದೊಂದರಲ್ಲಿ ಒಂದೊಂದು ಹೊಸದಿರುತ್ತದೆ.

ಬರೆದ ಮೇಲೆ ಅವರಿಗೇ ಓದಿ ಹೇಳಿ. ಇದನ್ನು ಬಿಡಲೇಬೇಡಿ. ಸಾವ್ತಾ ಇಸ್ರೇಲಿನ ಲೋದ್ ವಿಮಾನ ನಿಲ್ದಾಣದಲ್ಲಿ ಇಳಿದದ್ದನ್ನು ಬರೆಯುವಾಗ ನಾನು "ಕಣ್ಣಲ್ಲಿ ನೀರು ಬಂತು" ಅಂತ ಸೇರಿಸಿದ್ದೆ. ಬಂದಿರಲೇಬೇಕು ಅಂತ ನನಗೆ ಅನ್ನಿಸಿತ್ತು. ಓದಿದಾಗ ಸಾವ್ತಾ ಕೈ ಎತ್ತಿದರು. "ನಾನು ಅಳಲಿಲ್ಲ. ಚಿಕ್ಕವನ ಒಂದು ಚಪ್ಪಲಿ ಕಳೆದಿತ್ತು. ಅದನ್ನು ಹುಡುಕುತ್ತಿದ್ದೆ." ಹೊಡೆದು ಹಾಕಿ ಚಪ್ಪಲಿ ಅಂತ ಬರೆದೆ.

ಮುಗಿದ ಮೇಲೆ ಒಂದು ಪ್ರತಿ ಅವರ ಕೈಗೇ ಕೊಡಿ, ಓದು ಬರದಿದ್ದರೂ ಕೊಡಿ. ಸಾವ್ತಾಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲ. ಆದರೂ ನನ್ನ ನೋಟ್‌ಬುಕ್ಕುಗಳ ಜೆರಾಕ್ಸ್ ಪ್ರತಿಯನ್ನು ಮಾಯಬೋಲಿಯ ಜೊತೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಮೊಮ್ಮಗಳಿಗೆ ನಾನು ಓದಿ ಹೀಬ್ರೂನಲ್ಲಿ ಹೇಳಿದೆ, ಅವಳು ಬರೆದುಕೊಂಡಳು.

ಸಾಧ್ಯವಾದರೆ ಜಾಗಕ್ಕೆ ಹೋಗಿ

ಸಾವ್ತಾಳನ್ನು ಅಲಿಬಾಗಿಗೆ ಕರೆದುಕೊಂಡು ಬರಲು ಆಗಲಿಲ್ಲ. ಅಜ್ಜಿಯನ್ನು ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಲೂ ಆಗಲಿಲ್ಲ. ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ.

ನೀರು ಇಳಿಯುವ ಬೇಸಿಗೆಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿನ ಹಳೆ ಚರ್ಚು ಹಿನ್ನೀರಿನಲ್ಲಿ ಅರ್ಧ ಮುಳುಗಿರುತ್ತದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ್ದು. ಚಾವಣಿ ಇಲ್ಲ, ಗೋಡೆ ಮತ್ತು ಕಮಾನುಗಳು ನಿಂತಿವೆ. ಫೋಟೋ ತೆಗೆಸಿಕೊಳ್ಳಲು ಬರುವವರು ತುಂಬ ಜನ. ಅಜ್ಜಿಯ ಮದುವೆ ಆಗಿದ್ದು ಅಲ್ಲೇ. ಸಂಜೆ ನಾಲ್ಕರ ಮೇಲೆ ಹೋಗಿ, ಅದಕ್ಕೂ ಮುಂಚೆ ಬಿಸಿಲು ತಡೆಯಲು ಆಗುವುದಿಲ್ಲ. ನೀರು, ಮಡಚುವ ಕುರ್ಚಿ, ಬೆಲ್ಲ ತೆಗೆದುಕೊಂಡು ಹೋಗಿ. ಒಣಗಿದ ಕೆಸರಿನಲ್ಲಿ ಬಿರುಕುಗಳಿರುತ್ತವೆ, ವಯಸ್ಸಾದವರ ಕೈ ಬಿಡಬೇಡಿ. ಅಲ್ಲಿ ಗಾಳಿ ಜಾಸ್ತಿ, ಫೋನಿನ ಮೈಕ್ ತೂತಿನ ಮೇಲೆ ಕರ್ಚೀಫನ್ನು ಒಂದು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ನಾನು ಅದನ್ನು ಮಾಡಿರಲಿಲ್ಲ.

ಹಾಗಾಗಿ ನನ್ನ ರೆಕಾರ್ಡಿಂಗಿನಲ್ಲಿ ಮೊದಲ ಮೂರು ನಿಮಿಷ ಬರೀ ಗಾಳಿ. ಆಮೇಲೆ ಚಪ್ಪಲಿ ಸದ್ದು. ಆಮೇಲೆ ಅಮ್ಮ ಹೆಜ್ಜೆ ಎಣಿಸುವುದು ಕೇಳುತ್ತದೆ, ಚರ್ಚಿನ ಬಾಗಿಲಿಂದ ಎಡಕ್ಕೆ, ಮೂವತ್ತೆಂಟರವರೆಗೆ. ಅಲ್ಲಿ ನಿಂತು ಅಮ್ಮ ಹೇಳುತ್ತಾರೆ: "ಬಾವಿ ಇಲ್ಲೇ ಇತ್ತು ಕಣೇ. ಹಗ್ಗ ನಂಗೆ ಎಟುಕ್ತಿರ್ಲಿಲ್ಲ, ನಿಮ್ಮಜ್ಜಿ ಹಿಂದಿನಿಂದ ನನ್ನ ಸೊಂಟ ಹಿಡ್ಕೊಂಡು ಎತ್ತೋಳು."